ಅಂಗಡಿಯ ಬಾಗಿಲಿಗೆ ಮುನ್ನ ಗಣಕದ ಕಡತ ಮುಚ್ಚಲಿ

ದಿನದ ವಹಿವಾಟು ಮುಗಿದ ಮೇಲೆ ಗಲ್ಲಾ ಎಣಿಸಿ, ರೋಜುಕೀರ್ದಿ ಬರೆದು, ಶಿಲ್ಕು ತಾಳೆಯಾಯಿತೆಂದು ಖಾತ್ರಿಪಡಿಸಿಕೊಂಡ ಅನಂತರವೇ ಬಾಗಿಲು ಹಾಕುವುದು ವರ್ತಕ ಸಮುದಾಯವು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿರುವ ಶಿಸ್ತು. ಖಾತೆ ಪುಸ್ತಕದ ಸ್ಥಾನಕ್ಕೆ ಗಣಕಯಂತ್ರ ಬಂದ ಮೇಲೆ ಬರೆಯುವ, ಕೂಡುವ, ತಾಳೆ ನೋಡುವ ಕೆಲಸಗಳೆಲ್ಲ ಹಗುರವಾದವು. ಆದರೆ ಪುಸ್ತಕವನ್ನು ಮುಚ್ಚಿಡುವ ಕೆಲಸ ಮಾತ್ರ ಯಾರ ಹೊಣೆಯೂ ಅಲ್ಲದೆ ಉಳಿಯಿತು. ಬಾಗಿಲ ಬೀಗದ ಕೈ ಯಾರ ಬಳಿ ಇದೆಯೆಂದು ಪ್ರತಿಯೊಬ್ಬ ಮಾಲೀಕನಿಗೂ ಗೊತ್ತು; ಲೆಕ್ಕದ ಗಣಕವನ್ನು ಕಳೆದ ರಾತ್ರಿ ಯಾರು, ಹೇಗೆ ಮುಚ್ಚಿದರೆಂಬುದು ಬಹುತೇಕ ಯಾರಿಗೂ ಗೊತ್ತಿರುವುದಿಲ್ಲ.

ಸಂಜೆ ಕಚೇರಿ ಬಿಡುವ ಹೊತ್ತಿಗೆ ಶಟ್‌ಡೌನ್ ಒತ್ತಿದ ಯಂತ್ರವು ಎಷ್ಟು ಹೊತ್ತಾದರೂ ಆರುವುದಿಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಬಸ್ಸಿನ ವೇಳೆಯಾದ ಸಿಬ್ಬಂದಿ ಒಂದೆರಡು ನಿಮಿಷ ಕಾದು, ಪವರ್ ಗುಂಡಿಯನ್ನು ಒತ್ತಿ ಹಿಡಿಯುತ್ತಾರೆ. ನಾಲ್ಕು ಸೆಕೆಂಡಿನಲ್ಲಿ ಯಂತ್ರ ಆರುತ್ತದೆ. ಮರುದಿನ ಬೆಳಿಗ್ಗೆ ಡಿಸ್ಕ್ ಪರಿಶೀಲನೆಯ ಸಂದೇಶ ಕಾಣಿಸಿಕೊಂಡರೂ ಯಂತ್ರ ಹೇಗೋ ಆರಂಭವಾಗುತ್ತದೆ; ಆದ್ದರಿಂದ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹೀಗೆ ನೂರು ಸಲ ಏನೂ ಆಗದಿರಬಹುದು. ನೂರೊಂದನೆಯ ಸಲ, ಅದೂ ತಿಂಗಳ 20ನೆಯ ತಾರೀಖಿಗೆ ಜಿ.ಎಸ್.ಟಿ. ವಿವರಣಪತ್ರ ಸಲ್ಲಿಸಬೇಕಾದ ವೇಳೆಯಲ್ಲಿ, ಲೆಕ್ಕದ ಕಡತ ತೆರೆಯುವುದಿಲ್ಲ. ಆಗ ವಿದ್ಯುಚ್ಛಕ್ತಿಯನ್ನೋ ತಂತ್ರಾಂಶವನ್ನೋ ತಂತ್ರಜ್ಞನನ್ನೋ ದೂಷಿಸಿ ಪ್ರಯೋಜನವಿಲ್ಲ. ಮುಚ್ಚಲು ನಿರಾಕರಿಸುವ ಯಂತ್ರವು ಪ್ರತಿ ಸಂಜೆ ಏನನ್ನೋ ಹೇಳುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳುವುದು ತಂತ್ರಜ್ಞನಿಗಿಂತ ಮೊದಲು ಮಾಲೀಕನ ಕರ್ತವ್ಯ.

ಕಿರ್ದಿಯಿಂದ ಖಾತೆಗೆ

ಗಣಕದಲ್ಲಿ ಬರೆದುದೆಲ್ಲವೂ ಬರೆದ ಕ್ಷಣದಲ್ಲಿಯೇ ಡಿಸ್ಕನ್ನು ಸೇರುತ್ತದೆಂಬುದು ಸಾಮಾನ್ಯ ನಂಬಿಕೆ. ವಾಸ್ತವ ಹಾಗಿಲ್ಲ. ಸ್ಮರಣೆಗೆ ಹೋಲಿಸಿದರೆ ಡಿಸ್ಕ್ ನಿಧಾನ. ಆದ್ದರಿಂದ ಕಾರ್ಯಾಚರಣ ವ್ಯವಸ್ಥೆಯು ಬರಹವನ್ನು ಮೊದಲು ಸ್ಮರಣೆಯಲ್ಲಿಟ್ಟುಕೊಂಡು, ಸ್ವಲ್ಪ ಹೊತ್ತಿನ ಅನಂತರ ಒಟ್ಟುಗೂಡಿಸಿ ಡಿಸ್ಕಿಗೆ ಇಳಿಸುತ್ತದೆ. ಲಿನಕ್ಸ್ ವ್ಯವಸ್ಥೆಯ ಮೂಲ ಹೊಂದಾಣಿಕೆಯಲ್ಲಿ ಈ ಇಳಿಸುವ ಕೆಲಸವು 5 ಸೆಕೆಂಡಿಗೊಮ್ಮೆ ಎಚ್ಚರಗೊಂಡು, 30 ಸೆಕೆಂಡಿಗಿಂತ ಹಳೆಯದಾದ ಬರಹವನ್ನು ಡಿಸ್ಕಿಗೆ ಸಾಗಿಸುತ್ತದೆ. ವಿಂಡೋಸ್ ಕೂಡ ಇದೇ ಬಗೆಯ ವಿಳಂಬ ಬರವಣಿಗೆಯನ್ನು ಅನುಸರಿಸುತ್ತದೆ. ಇದಲ್ಲದೆ ಡಿಸ್ಕಿನೊಳಗೂ ಒಂದು ಸಣ್ಣ ಸ್ಮರಣೆಯಿದ್ದು, ಬರಹವು ಅಲ್ಲಿಯೂ ಕೆಲಕಾಲ ತಂಗಿರಬಹುದು. ಗುಮಾಸ್ತನ ಜೇಬಿನಲ್ಲಿರುವ ಚೀಟಿಗಳು ಇನ್ನೂ ಪುಸ್ತಕಕ್ಕೆ ಏರಿಲ್ಲದ ಸ್ಥಿತಿಯಿದು.

ಡಿಸ್ಕಿನ ಮೇಲೆ ಯಾವ ಕಡತ ಎಲ್ಲಿದೆ, ಅದರ ಗಾತ್ರವೆಷ್ಟು, ಖಾಲಿ ಜಾಗ ಯಾವುದು ಎಂಬ ವಿವರಗಳನ್ನು ಇಟ್ಟುಕೊಳ್ಳುವ ಏರ್ಪಾಡೇ ಕಡತ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಂ. ಅದನ್ನು ಬಳಕೆಗೆ ತೆರೆಯುವುದು ಮೌಂಟ್. ಕ್ರಮಬದ್ಧವಾಗಿ ಮುಚ್ಚುವುದು ಅನ್‌ಮೌಂಟ್. ಅನ್‌ಮೌಂಟ್ ವೇಳೆಯಲ್ಲಿ ಜೇಬಿನ ಚೀಟಿಗಳೆಲ್ಲ ಪುಸ್ತಕಕ್ಕೇರುತ್ತವೆ. ಕೊನೆಯಲ್ಲಿ 'ಸರಿಯಾಗಿ ಮುಚ್ಚಲಾಗಿದೆ' ಎಂಬ ಗುರುತು ಬೀಳುತ್ತದೆ. ಮರುದಿನ ಯಂತ್ರವು ಮೊದಲು ನೋಡುವುದು ಈ ಗುರುತನ್ನೇ. ಅದು ಇಲ್ಲವೆಂದಾದರೆ ಪರಿಶೀಲನೆ ಅನಿವಾರ್ಯ.

ಈ ತೊಂದರೆಗೆ ತಂತ್ರಜ್ಞರು ಕಂಡುಕೊಂಡ ಪರಿಹಾರವು ವರ್ತಕರಿಗೆ ಚಿರಪರಿಚಿತವಾದುದೇ. ಖಾತೆಗೆ ಹಾಕುವ ಮುನ್ನ ಕಿರ್ದಿಯಲ್ಲಿ ಬರೆಯುವಂತೆ, ಡಿಸ್ಕಿನ ರಚನೆಯನ್ನು ಬದಲಿಸುವ ಮುನ್ನ ಆ ಬದಲಾವಣೆಯನ್ನು ಬೇರೊಂದು ಜಾಗದಲ್ಲಿ ದಾಖಲಿಸುವ ಪದ್ಧತಿ ಬಂದಿತು. ಇದಕ್ಕೆ ಅವರು ಇಟ್ಟ ಹೆಸರೂ ಜರ್ನಲ್ ಎಂದೇ. ಮಧ್ಯೆ ಯಂತ್ರ ಆರಿದರೂ ಮರುದಿನ ಕಿರ್ದಿಯನ್ನು ಓದಿ ಖಾತೆಯನ್ನು ಸರಿಪಡಿಸಬಹುದು. 1993ರಲ್ಲಿ ವಿಂಡೋಸ್ ಎನ್.ಟಿ.ಯೊಡನೆ ಬಂದ ಎನ್.ಟಿ.ಎಫ್.ಎಸ್., 2001ರಲ್ಲಿ ಲಿನಕ್ಸ್ ತಿರುಳನ್ನು ಸೇರಿದ ಇ.ಎಕ್ಸ್.ಟಿ.3 ಮತ್ತು ಅದರ ಉತ್ತರಾಧಿಕಾರಿ ಇ.ಎಕ್ಸ್.ಟಿ.4 ಈ ಪದ್ಧತಿಯವು. ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ವ್ಯವಸ್ಥೆಗೆ ಕಿರ್ದಿಯೇ ಇಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ಹೊಂದಾಣಿಕೆಯಲ್ಲಿ ಈ ಕಿರ್ದಿಯು ಕಾಯುವುದು ಡಿಸ್ಕಿನ ರಚನೆಯನ್ನೇ ಹೊರತು ಕಡತದ ಒಳಗಿನ ಅಂಕಿಗಳನ್ನಲ್ಲ. ಬೀರುವಿನ ಕಪಾಟುಗಳು ಭದ್ರವಾಗಿದ್ದು, ಅದರೊಳಗಿನ ಪುಸ್ತಕದ ಕೊನೆಯ ಪುಟ ಅರ್ಧಕ್ಕೆ ನಿಂತಿರಬಹುದು. 2009ರಲ್ಲಿ, ಹೊಸದಾಗಿದ್ದ ಇ.ಎಕ್ಸ್.ಟಿ.4 ಬಳಸಿದ ಕೆಲವರು ಯಂತ್ರ ದಿಢೀರನೆ ಆರಿದ ಮೇಲೆ ತಮ್ಮ ಕಡತಗಳು ಹೆಸರಿಗೆ ಮಾತ್ರ ಉಳಿದು ಗಾತ್ರ ಶೂನ್ಯವಾಗಿರುವುದನ್ನು ಕಂಡರು. ಕಿರ್ದಿ ಸರಿಯಾಗಿಯೇ ಇತ್ತು. ಬರಹ ಮಾತ್ರ ಸ್ಮರಣೆಯಿಂದ ಡಿಸ್ಕಿಗೆ ಇಳಿದಿರಲಿಲ್ಲ. ಅದೇ ವರ್ಷ ತಿರುಳಿನಲ್ಲಿ ತಿದ್ದುಪಡಿಗಳಾದವು. 'ಜರ್ನಲ್ ಇದೆ, ಭಯವಿಲ್ಲ' ಎಂಬ ಮಾತು ಅರ್ಧ ಸತ್ಯವೆಂಬುದು ಮಾತ್ರ ಉಳಿಯಿತು.

ಏಕೆ ಮುಚ್ಚುವುದಿಲ್ಲ?

ಯಂತ್ರವು ಮುಚ್ಚಲು ತಡಮಾಡುವುದಕ್ಕೆ ಕಾರಣಗಳು ಹಲವಾದರೂ ಸಣ್ಣ ಉದ್ದಿಮೆಗಳಲ್ಲಿ ಮತ್ತೆ ಮತ್ತೆ ಕಾಣುವಂತಹವು ಕೆಲವೇ. ಮೊದಲನೆಯದು, ಯಾವುದೋ ಕಾರ್ಯಕ್ರಮವು ಕಡತವನ್ನು ಇನ್ನೂ ಹಿಡಿದುಕೊಂಡಿರುವುದು. ದತ್ತಸಂಚಯ ತಂತ್ರಾಂಶ, ವೈರಾಣು ನಿರೋಧಕ, ಹಿನ್ನೆಲೆಯಲ್ಲಿ ನಡೆಯುತ್ತಿರುವ ಪ್ರತಿ ತೆಗೆಯುವ ಕೆಲಸ ಇವುಗಳಲ್ಲಿ ಯಾವುದಾದರೂ ಆಗಬಹುದು. ಲೆಕ್ಕದ ಕಡತಗಳು ಒಂದು ಯಂತ್ರದಲ್ಲಿದ್ದು, ಉಗ್ರಾಣದ ಯಂತ್ರದಲ್ಲಿ ಅವು ಇನ್ನೂ ತೆರೆದೇ ಇರುವುದು ತೀರ ಸಾಮಾನ್ಯ. ಹಿಡಿದವರು ಬಿಡುವವರೆಗೆ ಮುಚ್ಚಲಾಗದೆಂದು ವ್ಯವಸ್ಥೆಯು ಹೇಳುವುದು ನ್ಯಾಯವೇ ಆಗಿದೆ.

ಎರಡನೆಯದು ಜಾಲದ ಮೂಲಕ ಹಂಚಿಕೊಂಡ ಡಿಸ್ಕು. ಸರ್ವರನ್ನು ಮೊದಲು ಆರಿಸಿ ಇತರ ಯಂತ್ರಗಳನ್ನು ಆಮೇಲೆ ಆರಿಸುವ ಕಚೇರಿಗಳಲ್ಲಿ, ಇಲ್ಲದ ಸರ್ವರಿನ ಉತ್ತರಕ್ಕಾಗಿ ಉಳಿದ ಯಂತ್ರಗಳು ಕಾಯುತ್ತ ನಿಲ್ಲುತ್ತವೆ. ಲಿನಕ್ಸಿನಲ್ಲಿ ಜಾಲದ ಸಂಪರ್ಕ ಕಡಿದ ಮೇಲೆ ಜಾಲದ ಡಿಸ್ಕನ್ನು ಮುಚ್ಚಲು ಹೊರಟಾಗಲೂ ಇದೇ ಪರಿಸ್ಥಿತಿ. ಮೂರನೆಯದು, ಪ್ರತಿ ತೆಗೆಯಲೆಂದು ಜೋಡಿಸಿ ಮರೆತ ಬಾಹ್ಯ ಡಿಸ್ಕು. ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದುದು: ಡಿಸ್ಕೇ ಕೆಡುತ್ತಿರುವುದು. ಕೆಟ್ಟ ಭಾಗಕ್ಕೆ ಬರೆಯಲು ಡಿಸ್ಕು ಮತ್ತೆ ಮತ್ತೆ ಪ್ರಯತ್ನಿಸುತ್ತಿರುವಾಗ ಶಟ್‌ಡೌನ್ ನಿಧಾನವಾಗುತ್ತದೆ. ಆ ವಿಳಂಬವು ಎಷ್ಟೋ ವೇಳೆ ಡಿಸ್ಕಿನ ಸಾವಿನ ಮುನ್ಸೂಚನೆ.

ಇದಲ್ಲದೆ, ಮುಚ್ಚಿದಂತೆ ಕಂಡರೂ ನಿಜವಾಗಿ ಮುಚ್ಚಿರದ ಸ್ಥಿತಿಯೂ ಉಂಟು. 2012ರಲ್ಲಿ ವಿಂಡೋಸ್ 8ರೊಡನೆ ಬಂದ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯವು ಶಟ್‌ಡೌನ್ ಒತ್ತಿದಾಗ ಬಳಕೆದಾರನ ಕಾರ್ಯಕ್ರಮಗಳನ್ನು ಮುಚ್ಚುತ್ತದೆ. ಆದರೆ ವ್ಯವಸ್ಥೆಯ ತಿರುಳನ್ನು ಡಿಸ್ಕಿನಲ್ಲಿ ನಿದ್ರಾವಸ್ಥೆಯಲ್ಲಿಡುತ್ತದೆ. ಇಂತಹ ಯಂತ್ರದಿಂದ ಡಿಸ್ಕನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸಿದರೆ, ಅಥವಾ ಅದೇ ಯಂತ್ರದಲ್ಲಿ ಲಿನಕ್ಸ್ ಆರಂಭಿಸಿದರೆ, ಆ ಕಡತ ವ್ಯವಸ್ಥೆ ಇನ್ನೂ ತೆರೆದೇ ಇರುತ್ತದೆ. ಲಿನಕ್ಸ್ ಅದರಲ್ಲಿ ಬರೆಯಲು ಒಪ್ಪದಿರುವುದು ಈ ಕಾರಣಕ್ಕೆ. 'ರೀಸ್ಟಾರ್ಟ್' ಒತ್ತಿದಾಗ ಮಾತ್ರ, ಅಥವಾ ಶಿಫ್ಟ್ ಕೀಲಿ ಹಿಡಿದು ಶಟ್‌ಡೌನ್ ಒತ್ತಿದಾಗ ಮಾತ್ರ, ಪೂರ್ಣ ಮುಕ್ತಾಯ ದೊರೆಯುತ್ತದೆ. ಲೆಕ್ಕದ ಯಂತ್ರಗಳಲ್ಲಿ ಈ ಸೌಲಭ್ಯವನ್ನು ನಿಷ್ಕ್ರಿಯಗೊಳಿಸುವುದೇ ಮೇಲು. ಉಳಿಯುವ ಕೆಲವು ಸೆಕೆಂಡುಗಳಿಗಿಂತ ನಿಶ್ಚಿತತೆಗೆ ಬೆಲೆ ಹೆಚ್ಚು.

ಒಂದು ಪಾಠ

ಬಲವಂತದ ಮುಕ್ತಾಯ ಎಂತಹ ಗೊಂದಲಕ್ಕೆ ದಾರಿಮಾಡುತ್ತದೆಂಬುದಕ್ಕೆ 2012ರ ಅಕ್ಟೋಬರ್‌ನ ಪ್ರಸಂಗವೊಂದು ಸಾಕ್ಷಿ. ಲಿನಕ್ಸ್ ತಿರುಳಿನ 3.6 ಸರಣಿಯಲ್ಲಿ ಇ.ಎಕ್ಸ್.ಟಿ.4 ಕಡತ ವ್ಯವಸ್ಥೆ ಕೆಡುತ್ತಿದೆಯೆಂದು ಬಳಕೆದಾರನೊಬ್ಬ ವರದಿ ಮಾಡಿದ. ಯಂತ್ರವನ್ನು ಬೇಗಬೇಗನೆ ಎರಡು ಬಾರಿ ಪುನರಾರಂಭಿಸಿದರೆ ಹೀಗಾಗುತ್ತದೆಂಬ ಮೊದಲ ಊಹೆ ಪ್ರಪಂಚದಾದ್ಯಂತ ಸುದ್ದಿಯಾಯಿತು. ಇ.ಎಕ್ಸ್.ಟಿ.4ರ ಹೊಣೆ ಹೊತ್ತಿದ್ದ ಥಿಯೋಡೋರ್ ತ್ಸೋ ಮತ್ತು ಸಂಗಡಿಗರು ಬೆನ್ನುಹತ್ತಿ ಶೋಧಿಸಿದಾಗ ಆ ಊಹೆ ನಿಲ್ಲಲಿಲ್ಲ. ಸಾಮಾನ್ಯರು ಬಳಸದ ಕೆಲವು ಮೌಂಟ್ ಆಯ್ಕೆಗಳನ್ನು ಆ ಯಂತ್ರದಲ್ಲಿ ಬಳಸಲಾಗಿತ್ತು. ಅಲ್ಲದೆ ಶಟ್‌ಡೌನ್ ವೇಳೆಯಲ್ಲಿ 'ಲೇಜಿ ಅನ್‌ಮೌಂಟ್' ಎಂಬ ಆಜ್ಞೆಯನ್ನು ನೀಡಲಾಗುತ್ತಿತ್ತು.

ಈ ಆಜ್ಞೆಯು ಕಡತ ವ್ಯವಸ್ಥೆಯ ಹೆಸರನ್ನು ಕೂಡಲೇ ಕಣ್ಮರೆ ಮಾಡಿ, ನಿಜವಾಗಿ ಮುಚ್ಚುವ ಕೆಲಸವನ್ನು ಹಿಡಿದವರೆಲ್ಲ ಬಿಡುವವರೆಗೆ ಮುಂದೂಡುತ್ತದೆ. ಫಲಕ ತಿರುಗಿಸಿ 'ಮುಚ್ಚಿದೆ' ಎಂದು ತೋರಿಸಿದರೂ ಒಳಗೆ ವ್ಯಾಪಾರ ನಡೆಯುತ್ತಿರುತ್ತದೆ. ಅಷ್ಟರಲ್ಲಿ ವಿದ್ಯುತ್ ನಿಲ್ಲುತ್ತದೆ. ಈ ಪ್ರಸಂಗದಿಂದ ಉದ್ಯಮಿಗಳು ಕಲಿಯಬೇಕಾದುದು ಎರಡು ಸಂಗತಿ. ಮೊದಲು ಹೊಳೆಯುವ ಕಾರಣವೇ ನಿಜವಾದ ಕಾರಣವೆಂದು ಭಾವಿಸಬಾರದು. ಹಾಗೆಯೇ, ಅಡಚಣೆಯನ್ನು ಮರೆಮಾಚುವ ಉಪಾಯವನ್ನು ಪರಿಹಾರವೆಂದು ತಿಳಿಯಬಾರದು. 'ಶಟ್‌ಡೌನ್ ಬೇಗ ಆಗುವಂತೆ ಮಾಡಿದ್ದೇನೆ' ಎಂದು ತಂತ್ರಜ್ಞ ಹೇಳಿದಾಗ, ಹೇಗೆ ಮಾಡಿದಿರೆಂದು ಕೇಳುವ ಅಧಿಕಾರ ಮಾಲೀಕನಿಗಿದೆ.

ಪತ್ತೆಯ ಕ್ರಮ

ಯಂತ್ರವು ತನ್ನ ದಿನಚರಿಯನ್ನು ತಾನೇ ಬರೆದಿಟ್ಟಿರುತ್ತದೆ. ವಿಂಡೋಸಿನ 'ಈವೆಂಟ್ ವ್ಯೂವರ್'ನಲ್ಲಿ ವ್ಯವಸ್ಥೆಯ ದಾಖಲೆಯನ್ನು ತೆರೆದರೆ 6006 ಸಂಖ್ಯೆಯ ನಮೂದು ದಾಖಲೆ ಸೇವೆ ಕ್ರಮವಾಗಿ ನಿಂತುದನ್ನು, 6008 ಹಿಂದಿನ ಮುಕ್ತಾಯ ಅನಿರೀಕ್ಷಿತವಾಗಿತ್ತೆಂಬುದನ್ನು, 41 ಯಂತ್ರವು ಸರಿಯಾಗಿ ಮುಚ್ಚದೆಯೇ ಮತ್ತೆ ಆರಂಭವಾಯಿತೆಂಬುದನ್ನು, 1074 ಯಾರು ಅಥವಾ ಯಾವ ಕಾರ್ಯಕ್ರಮ ಮುಚ್ಚಲು ಆಜ್ಞಾಪಿಸಿತೆಂಬುದನ್ನು ತಿಳಿಸುತ್ತವೆ. ತಿಂಗಳಿಗೊಮ್ಮೆ ಈ ನಾಲ್ಕು ಸಂಖ್ಯೆಗಳನ್ನು ನೋಡಿ 6008 ಎಷ್ಟು ಸಲ ಬಂದಿದೆಯೆಂದು ಎಣಿಸುವುದಕ್ಕೆ ತಂತ್ರಜ್ಞಾನದ ಪದವಿ ಬೇಕಿಲ್ಲ. ಆ ಎಣಿಕೆಯು ಸಂಜೆ ಕಚೇರಿ ಬಿಡುವ ವೇಳೆಗೇ ಗುಂಪುಗೂಡಿದ್ದರೆ ತಪ್ಪು ವಿದ್ಯುಚ್ಛಕ್ತಿಯದಲ್ಲ, ಅಭ್ಯಾಸದ್ದು.

ಲಿನಕ್ಸ್ ಸರ್ವರ್ ಇರುವಲ್ಲಿ ಹಿಂದಿನ ಅವಧಿಯ ದಾಖಲೆಯನ್ನು 'ಜರ್ನಲ್‌ಸಿಟಿಎಲ್' ತೋರಿಸುತ್ತದೆ. ಈಗಿನ ಬಹುತೇಕ ಲಿನಕ್ಸ್ ವಿತರಣೆಗಳಲ್ಲಿರುವ ಸಿಸ್ಟಂಡಿಯು, ನಿಲ್ಲಲು ಒಪ್ಪದ ಸೇವೆಗಾಗಿ ಮೂಲ ಹೊಂದಾಣಿಕೆಯಂತೆ 90 ಸೆಕೆಂಡು ಕಾದು, ಆಮೇಲೆ ಅದನ್ನು ಬಲವಂತವಾಗಿ ಕೊನೆಗೊಳಿಸುತ್ತದೆ. ಯಾವ ಸೇವೆಗಾಗಿ ಕಾಯಲಾಗುತ್ತಿದೆಯೆಂಬುದು ಪರದೆಯ ಮೇಲೆಯೇ ಮೂಡುತ್ತದೆ. ಅದನ್ನು ಬರೆದಿಟ್ಟುಕೊಳ್ಳುವುದು ಅರ್ಧ ರೋಗನಿದಾನ. 'ಬ್ಯುಸಿ' ಎಂದು ಹೇಳುವ ಡಿಸ್ಕನ್ನು ಹಿಡಿದಿರುವವರು ಯಾರೆಂಬುದನ್ನು 'ಫ್ಯೂಸರ್' ಹಾಗೂ 'ಎಲ್‌ಎಸ್‌ಓಎಫ್' ಎಂಬ ಸಾಧನಗಳು ಹೆಸರು ಸಹಿತ ತಿಳಿಸುತ್ತವೆ. ಕಾಯುವ ಅವಧಿಯನ್ನು ಕಡಿಮೆ ಮಾಡುವುದು ಪರಿಹಾರವಲ್ಲ. ದತ್ತಸಂಚಯ ತಂತ್ರಾಂಶಕ್ಕೆ ತನ್ನ ಲೆಕ್ಕವನ್ನು ಒಪ್ಪವಾಗಿ ಮುಚ್ಚಲು ಆ ಅವಧಿಯೇ ಬೇಕಾಗಿರಬಹುದು.

ದುರಸ್ತಿಯ ವಿಷಯದಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು: ಮೊದಲು ಪ್ರತಿ, ಆಮೇಲೆ ದುರಸ್ತಿ. ವಿಂಡೋಸಿನ 'ಚೆಕ್‌ಡಿಸ್ಕ್' ಆಗಲಿ, ಲಿನಕ್ಸಿನ 'ಎಫ್‌ಎಸ್‌ಸಿಕೆ' ಆಗಲಿ ಕಡತ ವ್ಯವಸ್ಥೆಯ ರಚನೆಯನ್ನು ಸುಸಂಗತಗೊಳಿಸಲು ಹುಟ್ಟಿದವು. ಕಳೆದ ಬಿಲ್ಲುಗಳನ್ನು ಮರಳಿಸಲು ಅಲ್ಲ. ಹೊಂದದ ಚೂರುಗಳನ್ನು ಅವು ಕತ್ತರಿಸಿ ಪಕ್ಕಕ್ಕಿಡುತ್ತವೆ. ಆ ಚೂರುಗಳಲ್ಲಿಯೇ ನಿನ್ನೆಯ ಖರೀದಿ ಇದ್ದಿರಬಹುದು. ಡಿಸ್ಕಿನ ಆರೋಗ್ಯದ ಬಗ್ಗೆ ಸಂಶಯವಿದ್ದರೆ ಅದು ತಾನೇ ಇಟ್ಟುಕೊಂಡಿರುವ 'ಸ್ಮಾರ್ಟ್' ವರದಿಯನ್ನು ಮೊದಲು ನೋಡಬೇಕು. ಬಳಕೆಯಲ್ಲಿರುವ ಕಡತ ವ್ಯವಸ್ಥೆಯ ಮೇಲೆ ದುರಸ್ತಿ ನಡೆಸಿದರೆ ಇದ್ದುದೂ ಹೋಗಬಹುದು.

ಕಾನೂನಿನ ಕಣ್ಣು

ಇದನ್ನು ಕೇವಲ ಅನುಕೂಲದ ಪ್ರಶ್ನೆಯೆಂದು ಭಾವಿಸುವವರು ಕಾನೂನನ್ನು ಒಮ್ಮೆ ನೋಡುವುದು ಒಳಿತು. 2017ರ ಜುಲೈ 1ರಿಂದ ಜಾರಿಗೆ ಬಂದ ಜಿ.ಎಸ್.ಟಿ. ಕಾಯಿದೆಯ 36ನೆಯ ಪ್ರಕರಣವು ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣಪತ್ರ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಬೇಕೆನ್ನುತ್ತದೆ. ನಿಯಮಾವಳಿಯ 57ನೆಯ ನಿಯಮವು ವಿದ್ಯುನ್ಮಾನ ದಾಖಲೆಗಳ ಪ್ರತಿಯನ್ನು ಇಟ್ಟುಕೊಂಡು, ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ಮೂಲ ನಾಶವಾದರೆ ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತಿರಬೇಕೆಂದು ವಿಧಿಸುತ್ತದೆ. ಕಂಪನಿಗಳಾಗಿ ನೋಂದಾಯಿತವಾದ ಘಟಕಗಳ ಹೊಣೆ ಇನ್ನೂ ಹೆಚ್ಚು. 2022ರ ಆಗಸ್ಟ್‌ನ ತಿದ್ದುಪಡಿಯ ಪ್ರಕಾರ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕು. 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡು ಉಳಿಯುವ ತಂತ್ರಾಂಶವನ್ನೇ ಬಳಸಬೇಕು. 'ಕಂಪ್ಯೂಟರ್ ಕೆಟ್ಟಿತ್ತು' ಎಂಬ ಸಬೂಬಿಗೆ ಈ ನಿಯಮಗಳಲ್ಲಿ ಎಡೆಯಿಲ್ಲ. ವಿವರಣಪತ್ರ ತಡವಾದರೆ ವಿಳಂಬ ಶುಲ್ಕವಿದೆ; ತೆರಿಗೆ ಬಾಕಿಯಾದರೆ ಬಡ್ಡಿಯೂ ಇದೆ.

ಮೂರು ಸಮಾಧಾನಗಳು

'ಯು.ಪಿ.ಎಸ್. ಇದೆಯಲ್ಲ' ಎಂಬುದು ಮೊದಲ ಸಮಾಧಾನ. ಸಣ್ಣ ಯು.ಪಿ.ಎಸ್. ನೀಡುವುದು ಕೆಲವೇ ನಿಮಿಷಗಳ ಅವಕಾಶವನ್ನು; ಆ ಅವಕಾಶದಲ್ಲಿ ಯಂತ್ರವನ್ನು ಮುಚ್ಚುವವರು ಇರಬೇಕು. ಊಟದ ವೇಳೆಯಲ್ಲಿ, ರಾತ್ರಿ ಪ್ರತಿ ತೆಗೆಯಲೆಂದು ಬಿಟ್ಟುಹೋದ ವೇಳೆಯಲ್ಲಿ ಅದು ಕೂಗುತ್ತ ಕೂಗುತ್ತ ಆರುತ್ತದೆ. ಗಣಕಕ್ಕೆ ಕೇಬಲ್ ಮೂಲಕ ಸಂಕೇತ ಕಳುಹಿಸಿ, ತಾನಾಗಿಯೇ ಶಟ್‌ಡೌನ್ ಮಾಡಿಸುವ ಮಾದರಿಗಳಿವೆ. ಬೆಲೆ ತುಸು ಹೆಚ್ಚೆಂದು ಅವನ್ನು ಬಿಡುವುದು, ಅಥವಾ ಜೊತೆಗೆ ಬಂದ ಕೇಬಲನ್ನು ಪೆಟ್ಟಿಗೆಯಲ್ಲಿಯೇ ಬಿಡುವುದು ಜಾಣತನವಲ್ಲ. ಬ್ಯಾಟರಿ ಸೊರಗಿದ ಯು.ಪಿ.ಎಸ್. ಇದ್ದೂ ಇಲ್ಲದಂತೆ.

'ಎಲ್ಲವೂ ಈಗ ಕ್ಲೌಡ್‌ನಲ್ಲಿದೆ' ಎಂಬುದು ಎರಡನೆಯ ಸಮಾಧಾನ. ಇದರಲ್ಲಿ ಹುರುಳಿಲ್ಲದೆ ಇಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾದ ಮೇಲೆ, ಅವರ ನೋಂದಾಯಿತ ಗ್ರಾಹಕರ ಬಿಲ್ಲುಗಳ ವಿವರ ಸರ್ಕಾರದ ಜಾಲತಾಣದಲ್ಲಿಯೂ ದಾಖಲಾಗುತ್ತದೆ. ಆದರೆ ಚಿಕ್ಕಪೇಟೆಯ ಸಗಟು ಮಳಿಗೆಯ ದಾಸ್ತಾನು ಲೆಕ್ಕ, ಪೀಣ್ಯದ ಬಿಡಿಭಾಗ ಘಟಕದ ಸಿ.ಎನ್.ಸಿ. ಯಂತ್ರದ ಕಾರ್ಯಕ್ರಮಗಳು, ಬೆಳಗಾವಿಯ ಫೌಂಡ್ರಿಯ ಎರಕದ ನಕಾಶೆಗಳು, ಕಾರ್ಮಿಕರ ಹಾಜರಿ, ತೂಕದ ಸೇತುವೆಯ ದಾಖಲೆ ಇವೆಲ್ಲ ಎಷ್ಟೋ ಕಡೆ ಇಂದಿಗೂ ಮೂಲೆಯ ಒಂದೇ ಯಂತ್ರದಲ್ಲಿವೆ. ಕ್ಲೌಡಿಗೆ ತಾನಾಗಿ ನಕಲಾಗುವ ವ್ಯವಸ್ಥೆಯಿದ್ದರೂ, ಕೆಟ್ಟ ಕಡತವು ಒಳ್ಳೆಯ ಕಡತದ ಮೇಲೆಯೇ ನಕಲಾಗಿ ಬಿಡಬಹುದು. ಹಳೆಯ ದಿನಾಂಕದ ಪ್ರತಿಗಳು ಬೇರೆಯಾಗಿ ಉಳಿಯದಿದ್ದರೆ ಕ್ಲೌಡ್ ಕೂಡ ಆಪದ್ಬಾಂಧವನಲ್ಲ.

'ವಾರ್ಷಿಕ ನಿರ್ವಹಣೆಯ ಗುತ್ತಿಗೆದಾರ ನೋಡಿಕೊಳ್ಳುತ್ತಾನೆ' ಎಂಬುದು ಮೂರನೆಯದು. ಅನೇಕ ಗುತ್ತಿಗೆಗಳು ಕೆಟ್ಟ ಮೇಲೆ ಸರಿಪಡಿಸುವುದಕ್ಕೆ ಸಂಬಂಧಿಸಿದವು, ಕೆಡದಂತೆ ನೋಡಿಕೊಳ್ಳುವುದಕ್ಕಲ್ಲ. ಒಪ್ಪಂದದಲ್ಲಿ ಇಲ್ಲದ ಕೆಲಸವನ್ನು ಗುತ್ತಿಗೆದಾರ ಮಾಡಲಿಲ್ಲವೆಂದು ದೂರುವುದು ವ್ಯಾಪಾರ ಧರ್ಮವೂ ಅಲ್ಲ.

ಆಗಬೇಕಾದುದೇನು?

ದೊಡ್ಡ ವೆಚ್ಚವಿಲ್ಲದೆ ಪ್ರತಿಯೊಂದು ಘಟಕವೂ ಕೈಗೊಳ್ಳಬಹುದಾದ ಕ್ರಮಗಳು ಇಂತಿವೆ:

1. ಲೆಕ್ಕದ ಯಂತ್ರವನ್ನು ಪ್ರತಿದಿನ ಮುಚ್ಚುವ ಹೊಣೆಯನ್ನು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ವಹಿಸಬೇಕು. ಆತ ರಜೆಯಲ್ಲಿದ್ದಾಗ ಯಾರೆಂಬುದೂ ನಿಶ್ಚಯವಾಗಿರಬೇಕು.

2. ಮುಚ್ಚುವ ಕ್ರಮವನ್ನು ಗೋಡೆಗೆ ಅಂಟಿಸಬೇಕು: ಮೊದಲು ಎಲ್ಲ ಯಂತ್ರಗಳಲ್ಲಿ ತಂತ್ರಾಂಶ, ಆಮೇಲೆ ಇತರ ಯಂತ್ರಗಳು, ಕೊನೆಗೆ ಸರ್ವರ್, ಅದಾದ ಮೇಲೆಯೇ ಯು.ಪಿ.ಎಸ್.

3. ಪವರ್ ಗುಂಡಿ ಒತ್ತಿ ಹಿಡಿಯುವುದು ಕೊನೆಯ ಉಪಾಯವಾಗಿರಬೇಕು. ಹಾಗೆ ಮಾಡಬೇಕಾಗಿ ಬಂದರೆ ದಿನಾಂಕ, ವೇಳೆ, ಪರದೆಯ ಮೇಲಿದ್ದ ಸಂದೇಶ ಇವನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಬರೆದವರನ್ನು ಗದರಿಸಬಾರದು, ಗದರಿಸಿದರೆ ಮುಂದಿನ ಸಲ ಯಾರೂ ಬರೆಯುವುದಿಲ್ಲ.

4. ಒಂದೇ ವಾರದಲ್ಲಿ ಎರಡು ನಮೂದುಗಳಾದರೆ ತಂತ್ರಜ್ಞನನ್ನು ಕರೆಸಿ ಕಾರಣವನ್ನು ಲಿಖಿತವಾಗಿ ಪಡೆಯಬೇಕು.

5. ಪ್ರತಿದಿನ ತೆಗೆದ ಪ್ರತಿಯನ್ನು ಯಂತ್ರದಿಂದ ಬೇರ್ಪಡಿಸಿ ಇಡಬೇಕು. ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿ ಎಣಿಸದ ಹಣದಂತೆ.

6. ನಿರ್ವಹಣಾ ಗುತ್ತಿಗೆಯಲ್ಲಿ ಶಟ್‌ಡೌನ್ ದಾಖಲೆಯ ಮಾಸಿಕ ಪರಿಶೀಲನೆ, ಡಿಸ್ಕಿನ ಆರೋಗ್ಯ ವರದಿ, ಯು.ಪಿ.ಎಸ್. ಸಂಕೇತದ ಪರೀಕ್ಷೆ ಈ ಮೂರನ್ನೂ ಸೇರಿಸಬೇಕು.

ಇವುಗಳಲ್ಲಿ ಮೊದಲ ನಾಲ್ಕಕ್ಕೆ ಖರ್ಚು ಒಂದು ನೋಟ್‌ಬುಕ್ಕಿನದು ಮಾತ್ರ. ತಂತ್ರಾಂಶ ತಯಾರಕರಿಗೂ ಹೊಣೆಯಿದೆ. ದಿಢೀರ್ ಮುಕ್ತಾಯದ ಅನಂತರ ಕಡತವನ್ನು ತಾನೇ ಸರಿಪಡಿಸಿಕೊಳ್ಳುವ ದತ್ತಸಂಚಯ ಪದ್ಧತಿಗಳು ದಶಕಗಳಿಂದ ಲಭ್ಯವಿರುವಾಗ, ಅಂತಹ ರಕ್ಷಣೆಯಿಲ್ಲದ ಬಿಲ್ಲಿಂಗ್ ತಂತ್ರಾಂಶವನ್ನು ಕೊಳ್ಳುವ ಮುನ್ನ ವರ್ತಕರು ಈ ಪ್ರಶ್ನೆಯನ್ನು ಕೇಳಬೇಕು: ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಏನಾಗುತ್ತದೆ? ಉತ್ತರವನ್ನು ಮಾತಿನಲ್ಲಿ ಪಡೆಯದೆ ಪ್ರಾತ್ಯಕ್ಷಿಕೆಯಲ್ಲಿ ಪಡೆಯಬೇಕು. ವಾಣಿಜ್ಯ ಸಂಸ್ಥೆಗಳೂ ತೆರಿಗೆ ಕಾರ್ಯಾಗಾರಗಳ ಜೊತೆಯಲ್ಲಿ, ಲೆಕ್ಕದ ಗುಮಾಸ್ತರಿಗಾಗಿ ಅರ್ಧ ದಿನದ ಇಂತಹ ತರಬೇತಿಯನ್ನು ಏರ್ಪಡಿಸಿದರೆ ಸಣ್ಣ ಘಟಕಗಳಿಗೆ ದೊಡ್ಡ ಉಪಕಾರವಾದೀತು.

ವ್ಯಾಪಾರದಲ್ಲಿ ನಷ್ಟ ಬಂದರೆ ಮತ್ತೆ ಸಂಪಾದಿಸಬಹುದು. ಯಾರಿಂದ ಎಷ್ಟು ಬರಬೇಕೆಂಬ ಲೆಕ್ಕವೇ ಅಳಿದರೆ ಸಂಪಾದಿಸಿದ್ದೂ ಕೈಗೆ ಬರುವುದಿಲ್ಲ. ಆ ಲೆಕ್ಕವನ್ನು ಕಾಯಲು ಸಂಜೆಯ ಎರಡು ನಿಮಿಷಗಳ ತಾಳ್ಮೆ ಸಾಕಾಗುವಾಗ ಅದನ್ನು ನಿರಾಕರಿಸುವುದು ಲಾಭದಾಯಕ ವ್ಯವಹಾರವಲ್ಲ.